ಸಮಸ್ಯಾಪೂರಣ: ಅಕ್ಕೋರ ನೆನಪಿಗೆ ಒಂದು ಭಾಮಿನಿ

ಸಮಸ್ಯೆ ಕೊಟ್ಟವರು, ಕಾರವಾರ

ಈ ಸಲದ ಸಮಸ್ಯೆ ತೀರಿಕೊಂಡ ಅಕ್ಕೋರೊಬ್ಬರ (ಶಾಲಾ ಶಿಕ್ಷಕಿಯ) ನೆನಪಿಗೆ. ಮುಲ್ಕಿ (ಆಗಿನ ಏಳನೇ ಇಯತ್ತೆಯ) ಪರೀಕ್ಷೆ ಮುಗಿಸಿ ಕನ್ನಡ ಶಾಲೆಗೆ ಸೇರಿದವರು, ಕೊನೆಯವರೆಗೂ ಒಂದನೇ ಇಯತ್ತೆಯನ್ನೇ ಕೇಳಿ ಪಡೆದವರು. ಪಾರ್ಶ್ವವಾಯು ಬಡಿದು ಮಾತು ನಿಂತ ಗಂಡನಿಗೆ ಮತ್ತೆ ಅ ಆ ಇ ಈ ಹೇಳಿಕೊಟ್ಟವರು. ಮೊಮ್ಮಕ್ಕಳ ಅಕ್ಷರಾಭ್ಯಾಸವೂ ಅವರ ಕೈಯಲ್ಲೇ ಆಯಿತು. ಹೆಸರು ಬೇಡ, ಬದುಕು ಬರಲಿ.

*ಅಳಿಸಿದಕ್ಷರ ಮಾತ್ರವುಳಿದುದು ಬರೆದುದಳಿದಿಹುದು*

ಭಾಮಿನಿ ಷಟ್ಪದಿಯ ಆರನೇ ಸಾಲಿದು, ಹಿಂದಿನ ಐದನ್ನು ನೀವು ಬರೆದು ಪದ್ಯ ಪೂರೈಸಬೇಕು. ಗಣಗಳಾಗಿ, ಅಂದರೆ ಮಾತ್ರೆಗಳ ಗುಂಪುಗಳಾಗಿ, ಬಿಡಿಸಿದರೆ: ಅಳಿಸಿ | ದಕ್ಷರ | ಮಾತ್ರ | ವುಳಿದುದು | ಬರೆದು | ದಳಿದಿಹು | ದು. ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು, ಕೊನೆಗೊಂದು ಗುರು. ಒಟ್ಟು 23 ಮಾತ್ರೆ: ಲಘುವಿಗೆ ಒಂದು, ದೀರ್ಘ ಅಥವಾ ಒತ್ತಕ್ಷರದ ಹಿಂದಿನ ಗುರುವಿಗೆ ಎರಡು. 3, 6ನೇ ಸಾಲಿನ ಕೊನೆಯ ಲಘು ಗುರುವಿನ ಲೆಕ್ಕಕ್ಕೇ ಬರುತ್ತದೆ. 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, ಮೂರನೆಯದಕ್ಕೆ 23. ಪದ್ಯದ 102 ಮಾತ್ರೆಗಳಲ್ಲಿ 79 ನಿಮ್ಮ ಪಾಲಿನವು.

ಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) ಳಕಾರ, ಅದರ ಹಿಂದಿನದು ಲಘು. ಮಳೆ, ಹೊಳೆ, ಬಳಪ, ಬಳೆ, ತಿಳಿವು ಎಲ್ಲ ನಿಲ್ಲುತ್ತವೆ. ಕಾಳಿ ನದಿಯನ್ನು ಸಾಲಿನ ತಲೆಗೆ ತರಲಾಗದು, ‘ಕಾ’ ಗುರು. ಹಳ್ಳಿಯೂ ಆಗದು: ಒತ್ತಕ್ಷರದಿಂದ ‘ಹ’ ಗುರುವಾಗುತ್ತದೆ, ಪ್ರಾಸವೂ ಳ್ಳ ಆಗಿಬಿಡುತ್ತದೆ. ಇನ್ನೊಂದು ಗುಂಡಿ ‘ಸ್ಲೇಟು’. ‘ತಿದ್ದಿದ ಸ್ಲೇಟು’ ಎಂದರೆ ಸ್ಲೇ ಹಿಂದಿನ ‘ದ’ ಗುರುವಾಗಿ ನಾಲ್ಕರ ಗಣ ಐದಾಗುತ್ತದೆ. ನಮ್ಮಲ್ಲಿ ‘ಪಾಟಿ’ ಇದೆಯಲ್ಲ, ಅದನ್ನೇ ಬಳಸಿ.

ಅಂಕೋಲೆಯಿಂದ

ಬಳಪ ಹಿಡಿಸುತ ಪುಟ್ಟ ಕೈಯಲಿ
ತಿಳಿಸಿ ಪಾಟಿಯ ಮೇಲೆ ತಿದ್ದಿಸಿ
ತೊಳೆಸಿದರು ನೀರ್ಗಡ್ಡಿಯಲಿ ಮರುದಿನಕೆ ಹೊಸತಾಗಿ
ಬೆಳೆದ ಮಕ್ಕಳ ಬಾಯೊಳಿದ್ದವು
ಮಳೆಗೆ ಕೊಳೆತವು ಹಾಜರಿಯ ಪುಟ
ಅಳಿಸಿದಕ್ಷರ ಮಾತ್ರವುಳಿದುದು ಬರೆದುದಳಿದಿಹುದು

ನೀರುಕಡ್ಡಿ ಅಲಂಕಾರಕ್ಕೆ ಬಂದದ್ದಲ್ಲ. ಆ ಗಿಡದ ದಂಟಿನ ತುಂಬ ನೀರು. ಚಿವುಟಿ ಒರೆಸಿದರೆ ಪಾಟಿ ಕಪ್ಪಗಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಬಳಪದ ಬಿಳಿ ಹುಡಿ ಅಲ್ಲೇ ಹರಡಿ, ಮುಂದಿನ ಅಕ್ಷರ ಕಾಣುವುದಿಲ್ಲ. ಆದ್ದರಿಂದ ಅಳಿಸುವುದೂ ಕಲಿಸಬೇಕಾದ ಕೆಲಸವೇ. ಹಾಜರಿ ಪುಸ್ತಕದ ಗತಿ ಕರಾವಳಿಯವರಿಗೆ ಗೊತ್ತು: ಜೂನ್‌ನಿಂದ ಸೆಪ್ಟೆಂಬರಿನ ತನಕ ಗೋಡೆಯೇ ಬೆವರುತ್ತದೆ, ಮಸಿ ಹರಡುತ್ತದೆ, ಹಾಳೆಗೆ ಹಾಳೆ ಅಂಟುತ್ತದೆ.

ಶಿರಸಿಯಿಂದ

ಶಾಲೆಯ ಪೂರಣ ಚೆನ್ನಾಗಿದೆ, ಆದರೆ ಸಮಸ್ಯೆ ಕೇಳಿದ ಕೂಡಲೇ ಎಲ್ಲರಿಗೂ ಹೊಳೆಯುವ ದಾರಿ ಅದು. ಗಂಡನ ಕಡೆಯಿಂದ ನೋಡಿದರೆ:

ಹೊಳೆವ ಕಂಗಳ ಗಂಡನಂಗೈ-
ಯೊಳಗೆ ಬೆರಳಲಿ ಬರೆದು ತೀಡುತ
ಕಳೆದ ಮಾತನು ಮರಳಿ ಕಲಿಸಿದರೊಂದು ವರುಷದಲಿ
ಬಳಿಗೆ ಕರೆದನು ಹೆಸರ ಹೇಳುತ
ಹಳೆಯ ಕಾಗದಕೊರಲೆ ಹಿಡಿಯಿತು
ಅಳಿಸಿದಕ್ಷರ ಮಾತ್ರವುಳಿದುದು ಬರೆದುದಳಿದಿಹುದು

ಕುಮಟಾದಿಂದ

ಅಂಗೈಯಲ್ಲಿ ಬರೆದದ್ದು ಬರೆಯುತ್ತಲೇ ಅಳಿಯುತ್ತದೆ, ಪೆಟ್ಟಿಗೆಯ ಕಾಗದಗಳಿಗೆ ಒರಲೆ ಹಿಡಿಯುತ್ತದೆ. ಎರಡೂ ಕೊಂಡಿ ಬಿಗಿಯಾಗಿವೆ. ಅಕ್ಕೋರಿಗೆ ‘ಕಲಿಸಿದರು’, ಗಂಡನಿಗೆ ‘ಕರೆದನು’ ಎಂದು ವಚನ ಬೇರೆ ಇಟ್ಟದ್ದು ಸರಿಯಾಯಿತು. ಇಬ್ಬರಿಗೂ ಬಹುವಚನವಾಗಿದ್ದರೆ ಯಾರು ಯಾರನ್ನು ಕರೆದರೆಂದು ತಿಳಿಯುತ್ತಿರಲಿಲ್ಲ. ‘ಹೊಳೆವ ಕಂಗಳ’ ಮಾತ್ರ ಪ್ರಾಸಕ್ಕೆ ತುಂಬಿದ ಮಾತು. ‘ಬಳಲಿ ಮಲಗಿದ ಗಂಡನಂಗೈ’ ಮಾಡಿ. ಮಾತ್ರೆ ಅಷ್ಟೇ, ಕಾಯಿಲೆಯೂ ಹೇಳಿದಂತಾಗುತ್ತದೆ. ಈಗಿನ ಪದ್ಯದಲ್ಲಿ ಅವನ ಮಾತು ಏಕೆ ಕಳೆಯಿತೆಂಬ ಸುಳಿವೇ ಇಲ್ಲ.

ಜೋಯಿಡಾದಿಂದ

ಎಳೆಯ ಮೊಮ್ಮಗಳಕ್ಕಿಯಲಿ ಬೆರ-
ಳೆಳೆದು ಬರೆದೋಂಕಾರವಳಿಸಲು
ತಿಳಿಯ ನಗೆಯಲಿ ಮತ್ತೆ ಕೈಹಿಡಿದಜ್ಜಿ ತಿದ್ದಿದಳು
ಬೆಳಗಿತವಳಲಿ ವಿದ್ಯೆ, ಸೂಪೆಯ
ತಳಕೆ ಮುಳುಗಿತು ಶಾಲೆ ಹಲಗೆಯು
ಅಳಿಸಿದಕ್ಷರ ಮಾತ್ರವುಳಿದುದು ಬರೆದುದಳಿದಿಹುದು

ವಿಜಯದಶಮಿಯ ಅಕ್ಷರಾಭ್ಯಾಸ. ಹರಿವಾಣದಲ್ಲಿ ಅಕ್ಕಿಯನ್ನು ತೆಳ್ಳಗೆ ಹರವಬೇಕು. ದಪ್ಪವಾದರೆ ಎಳೆದ ಗೆರೆಯೊಳಗೆ ಅಂಚಿನ ಕಾಳು ಜಾರಿ ಅಕ್ಷರ ತಾನೇ ಮುಚ್ಚಿಹೋಗುತ್ತದೆ, ಮಗುವಿಗೆ ತಾನು ಬರೆದದ್ದು ಕಾಣುವುದೇ ಇಲ್ಲ. ಹಿತ್ತಾಳೆಯ ತಳ ಗೆರೆಯಲ್ಲಿ ಹೊಳೆದು ಕಾಣುವಷ್ಟು ಅಕ್ಕಿ ಸಾಕು. ಇನ್ನು ಸೂಪಾ: ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಪೇಟೆ ಮುಳುಗಿತು. ನಮ್ಮ ತಾಲೂಕಿಗೂ ಮೊದಲು ಅದೇ ಹೆಸರು.

ಸಮಸ್ಯೆ ಕೊಟ್ಟವರು, ಕಾರವಾರ

‘ಬೆರ-ಳೆಳೆದು’ ಎಂದು ಪದ ಮುರಿದು ಪ್ರಾಸ ಹಿಡಿದದ್ದು ಬಹಳ ಸೊಗಸು. ಷಟ್ಪದಿಯಲ್ಲಿ ಪದ ಸಾಲು ದಾಟಬಹುದು, ಗಣ ಸಾಲು ದಾಟಬಾರದು. ಇಲ್ಲಿ ‘ಯಲಿಬೆರ’ ನಾಲ್ಕಕ್ಕೆ ಸರಿಯಾಗಿ ನಿಂತಿದೆ. ಆದರೆ ಅಜ್ಜಿಯಿಂದ ಸೂಪೆಗೆ ಹಾರುವುದು ಒಂದು ಅಲ್ಪವಿರಾಮದಲ್ಲಿ. ಆ ಅಜ್ಜಿ ಮುಳುಗಿದ ಶಾಲೆಯಲ್ಲಿ ಕಲಿಸಿದವರೆಂದು ಓದುಗರೇ ಊಹಿಸಿಕೊಳ್ಳಬೇಕು. ಮೂರನೇ ಸಾಲಿನಲ್ಲಿ 23 ಮಾತ್ರೆಯ ಜಾಗವಿದೆ, ಆ ಸಂಬಂಧ ಅಲ್ಲಿ ಬರಬೇಕಿತ್ತು.

ಹೊನ್ನಾವರದಿಂದ

ಇಲ್ಲಿಯವರೆಗೆ ಎಲ್ಲರೂ ‘ಬರೆದುದು’ ಎಂದರೆ ಕಾಗದ, ಹಲಗೆ ಎಂದೇ ಹಿಡಿದಿದ್ದಾರೆ. ಹಣೆಯಲ್ಲಿ ಬರೆದದ್ದೂ ಇದೆಯಲ್ಲ:

ಬಳೆಯ ಕೈಗಳಿಗೊಲೆಯೆ ಗತಿಯೆಂ-
ದಳುಕಿ ಕುಳಿತಾ ಹುಡುಗಿಯರ ಕರೆ-
ದೆಳೆಯ ಬೆರಳಲಿ ಬಳಪ ಹಿಡಿಸಿದರಕ್ಕರೆಯೊಳಕ್ಕ
ತಿಳಿವು ಮೂಡಲು ಹಣೆಯ ಬರಹದ
ಕೊಳೆಯೆ ಕರಗಿತು ಪಾಟಿಯಲಿ ದಿನ
ಅಳಿಸಿದಕ್ಷರ ಮಾತ್ರವುಳಿದುದು ಬರೆದುದಳಿದಿಹುದು

ಶಿರಸಿಯಿಂದ

ಇದು ಪೂರಣ! ಉಳಿದ ಮೂರರಲ್ಲಿ ಐದನೇ ಸಾಲಿಗೆ ವಾಕ್ಯ ಮುಗಿದು, ಸಮಸ್ಯೆ ಕೆಳಗೆ ಬೇರೆಯೇ ಕೂತಿದೆ. ನನ್ನದರಲ್ಲೂ ಹಾಗೇ. ಇಲ್ಲಿ ‘ಪಾಟಿಯಲಿ ದಿನ ಅಳಿಸಿದಕ್ಷರ’ ಎಂದು ಕೊಟ್ಟ ಸಾಲೊಳಗೇ ವಾಕ್ಯ ಹರಿದುಹೋಗುತ್ತದೆ. ‘ಬರೆದುದು’ ಎಂಬಲ್ಲಿ ದುಃಖವಿಲ್ಲ, ಅಳಿಯಬೇಕಾದದ್ದೇ ಅಳಿದಿದೆ. ಅಕ್ಕೋರ ಕೆಲಸ ಏನೆಂಬುದನ್ನು ಇಷ್ಟು ನೇರವಾಗಿ ಉಳಿದ ಯಾವ ಪದ್ಯವೂ ಹೇಳಿಲ್ಲ.

ಕುಮಟಾದಿಂದ

ನನ್ನ ಮತವೂ ಇದಕ್ಕೇ. ತಿದ್ದುಪಡಿ ಒಂದೇ: ‘ಕುಳಿತಾ’ದ ದೀರ್ಘ ಮಾತ್ರೆಗಾಗಿ ಎಳೆದದ್ದು. ಯಕ್ಷಗಾನದ ಭಾಗವತರ ಧಾಟಿಯಲ್ಲಿ ಹಾಡಿದರೆ ಅಲ್ಲೇ ತಡೆಯುತ್ತದೆ. ‘ಕುಳಿತಿಹ’ ಎಂದರೆ ನಾಲ್ಕೂ ಲಘು, ಗಣ ಭರ್ತಿ.

ಹೊನ್ನಾವರದಿಂದ

ಒಪ್ಪಿದೆ. ‘ದಳುಕಿ ಕುಳಿತಿಹ ಹುಡುಗಿಯರ ಕರೆ’ ಎಂದೇ ಇರಲಿ.