ಓದುಗರ ಸ್ಪಂದನ: ಧರಣಿಗೆ ಹೋಗಲಾ, ಅಪ್ಪನ ಮಾತು ಕೇಳಲಾ?

ಸಮಸ್ಯೆ: ನಾನು ಆಳಂದ ತಾಲ್ಲೂಕಿನ ರೈತರ ಮಗಳು. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಈ ವರ್ಷ ಫೀಸು ಏರಿದೆ, ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ. ಗೆಳತಿಯರು ಧರಣಿಗೆ ಕರೆಯುತ್ತಿದ್ದಾರೆ. ‘ಓದೋಕೆ ಕಳಿಸಿದ್ದೀನಿ, ಗದ್ದಲ ಮಾಡೋಕಲ್ಲ’ ಅಂತಾರೆ ಅಪ್ಪ. ಏನು ಮಾಡಲಿ?

ತಂಗಿ, ಧರಣಿಗೆ ಹೋಗು. ಆದರೆ ಪರೀಕ್ಷೆ ಫೀಸಿನ ಕೊನೆ ದಿನ ಮಾತ್ರ ತಪ್ಪಿಸಬೇಡ. ಕೈಸಾಲ ಮಾಡಿಯಾದರೂ ಕಟ್ಟಿಬಿಡು. ಒಂದು ವರ್ಷ ಕೈತಪ್ಪಿದರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ. ಜಾಣ ಹುಡುಗಿಯರು ಹೀಗೆ ಓದು ಬಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೋಗುವ ಮುಂಚೆ ಹೋದ ವರ್ಷದ ರಸೀದಿ, ಈ ವರ್ಷದ ರಸೀದಿ ಪಕ್ಕಪಕ್ಕ ಇಟ್ಟು ನೋಡು. ಬೋಧನಾ ಶುಲ್ಕ, ಗ್ರಂಥಾಲಯ, ಕ್ರೀಡೆ, ಅಭಿವೃದ್ಧಿ... ಏರಿದ್ದು ಯಾವ ಬಾಬ್ತಿನಲ್ಲಿ? ಬರೀ ‘ಫೀಸು ಇಳಿಸಿ’ ಅಂದರೆ ‘ನೋಡೋಣ’ ಅನ್ನುತ್ತಾರೆ. ‘ಈ ಬಾಬ್ತಿನ ದುಡ್ಡು ಎಲ್ಲಿ ಖರ್ಚಾಯಿತು’ ಎಂದು ಬರೆದು ಕೇಳಿದರೆ ಜಾರಿಕೊಳ್ಳುವುದು ಕಷ್ಟ. ಮನವಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಉತ್ತರ ಬರಲಿಲ್ಲವೇ? 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಒಂದೇ ವಿಷಯಕ್ಕಿರಲಿ, 150 ಪದ ದಾಟದಿರಲಿ.

ಸರ್ಕಾರ ಕಾಯಂ ಹುದ್ದೆ ತುಂಬುವುದಿಲ್ಲ, ಅನುದಾನ ಸಾಲುವುದಿಲ್ಲ. ವಿಶ್ವವಿದ್ಯಾಲಯ ತನ್ನ ಆದಾಯ ತಾನೇ ನೋಡಿಕೊಳ್ಳಬೇಕಾದಾಗ ಆ ಹೊರೆ ಬಂದು ಬೀಳುವುದು ನಿಮ್ಮ ಮೇಲೆ. ಎಲ್ಲ ಕಡೆಯೂ ಇದೇ ಕಥೆ. ಇಂಗ್ಲೆಂಡಿನಲ್ಲಿ 2010ರಲ್ಲಿ ಸರ್ಕಾರ ಖರ್ಚು ಕಡಿತ ಮಾಡಿ, ವರ್ಷದ ಫೀಸಿನ ಮಿತಿಯನ್ನು 3,290 ಪೌಂಡಿನಿಂದ 9,000ಕ್ಕೆ ಏರಿಸಲು ಹೊರಟಿತು. ವಿದ್ಯಾರ್ಥಿಗಳು ಲಂಡನ್ ಬೀದಿ ತುಂಬಿದರೂ ಸಂಸತ್ತು ಒಪ್ಪಿಬಿಟ್ಟಿತು. 2015ರಲ್ಲಿ ದಕ್ಷಿಣ ಆಫ್ರಿಕಾದ ಹುಡುಗರು ಬೀದಿಗಿಳಿದಾಗ ಮಾತ್ರ ಅಲ್ಲಿನ ಸರ್ಕಾರ ಮರುವರ್ಷದ ಏರಿಕೆಯನ್ನೇ ಕೈಬಿಟ್ಟಿತು. ಗೆಲ್ಲುತ್ತೀರಿ ಅಂತ ನಾನು ಹೇಳಲಾರೆ. ಸುಮ್ನೆ ಕೂತರೆ ಯಾರೂ ಇಳಿಸುವುದಿಲ್ಲ, ಅದು ಖಂಡಿತ. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿ ತಂದಿದ್ದೇ ನಮ್ಮ ಮಕ್ಕಳಿಗೆ ಸೀಟು, ನೌಕರಿ ಸಿಗಲಿ ಅಂತ. ಸಿಕ್ಕ ಸೀಟನ್ನು ಫೀಸಿಗೆ ಹೆದರಿ ಬಿಡುವಂತಾಗಬಾರದು ಅಲ್ವಾ?
– ನಿವೃತ್ತ ಉಪನ್ಯಾಸಕಿ, ಸೇಡಂ

ಮಗಳೇ, ನಿಮ್ಮಪ್ಪ ಬೈಯುವುದು ಹೆದರಿಕೆಗೆ. ಮಗಳ ಮೇಲೆ ಕೇಸು ಬಿದ್ದರೆ ಏನು ಗತಿ ಅಂತ. ನನಗೂ ಹಾಗೇ ಇತ್ತು. ತೊಗರಿ ಮಾರಿದ ದುಡ್ಡು ಬೀಜ, ಗೊಬ್ಬರದ ಬಾಕಿಗೇ ಹೋಗುತ್ತದೆ, ಉಳಿದಿದ್ದು ನಿಮ್ಮ ಓದಿಗೆ. ಧರಣಿಗೆ ಪೊಲೀಸರ ಅನುಮತಿ ಪಡೆದಿದ್ದಾರಾ, ಮುಂದೆ ನಿಂತವರು ಯಾರು, ಅದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳು. ಆಗಲೂ ಒಪ್ಪದಿದ್ದರೆ ಒಂದು ದಿನ ಅವರನ್ನೇ ಡಿಸಿ ಆಫೀಸಿನ ಮುಂದೆ ಕರೆದುಕೊಂಡು ಬಾ. ಫೀಸು ಕಟ್ಟುವವರು ನಾವು. ನಾವೂ ಬಂದು ಕೂತರೆ ಸಾಹೇಬರು ಹೊರಗೆ ಬಂದು ಮಾತಾಡುತ್ತಾರೆ.
– ಒಬ್ಬ ತಂದೆ, ಅಫಜಲಪುರ

ಅಕ್ಕ, ಧರಣಿ ಇರಲಿ, ಕ್ಲಾಸು ಬಿಡಬೇಡಿ. ಹಾಜರಾತಿ ಕಡಿಮೆ ಆದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಸರದಿ ಮೇಲೆ ಕೂರಿ. ಸ್ಕಾಲರ್‌ಶಿಪ್ ವಿಷಯಕ್ಕೆ ಬಂದರೆ, ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣ ಎಸ್‌ಎಸ್‌ಪಿಯಲ್ಲಿ ಅರ್ಜಿ ಎಲ್ಲಿ ನಿಂತಿದೆ ನೋಡಿ. ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳಿ. ನಮ್ಮ ಹಾಸ್ಟೆಲಿನ ಒಬ್ಬಳ ದುಡ್ಡು, ಅವಳು ಮರೆತೇಬಿಟ್ಟಿದ್ದ ಹಳೇ ಖಾತೆಗೆ ಹೋಗಿ ಬಿದ್ದಿತ್ತು. ಕಾಲೇಜಿನಲ್ಲೇ ಅರ್ಜಿ ಬಾಕಿ ಉಳಿದಿದ್ದರೆ, ಅದನ್ನೂ ನಿಮ್ಮ ಮನವಿಯಲ್ಲಿ ಸೇರಿಸಿ.
– ವಿದ್ಯಾರ್ಥಿನಿ, ಬೀದರ್