ವ್ಯಾಯಾಮವೆಂದರೆ ಮನಸ್ಸು ಹಿಂಜರಿಯುವವರು ತೂಕ ಇಳಿಸಲು ಹೊರಡುವುದು ಹೇಗೆ?

ಪ್ರಶ್ನೆ: ಶಿಕ್ಷಕಿ, ದಾವಣಗೆರೆ

ನನಗೆ 41 ವರ್ಷ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎತ್ತರ 157 ಸೆಂಟಿಮೀಟರ್, ತೂಕ 78 ಕಿಲೋ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂದಿದೆ. ಇದಿನ್ನೂ ಸಕ್ಕರೆ ಕಾಯಿಲೆಯಲ್ಲ, ಅದರ ಹೊಸ್ತಿಲು ಎಂದು ವಿವರಿಸಿದ ವೈದ್ಯರು ಐದಾರು ಕಿಲೋ ಇಳಿಸಿ, ದಿನವೂ ವ್ಯಾಯಾಮ ಮಾಡಿ ಎಂದು ಹೇಳಿ ಕಳುಹಿಸಿದರು. ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಅವರ ಕೊನೆಯ ಎರಡು ವರ್ಷ ಕಾಲಿನ ಗಾಯಕ್ಕೆ ದಿನವೂ ಪಟ್ಟಿ ಕಟ್ಟುತ್ತಿದ್ದವಳು ನಾನೇ. ಆದ್ದರಿಂದ ನನಗೆ ಭಯವಿಲ್ಲವೆಂದಲ್ಲ. ಅಷ್ಟು ಭಯವಿದ್ದೂ ದೇಹ ಏಳುತ್ತಿಲ್ಲ ಎಂಬುದೇ ನನ್ನ ಕಷ್ಟ.

ಎರಡು ಸಲ ಜಿಮ್‌ಗೆ ವರ್ಷದ ಹಣ ಕಟ್ಟಿದ್ದೇನೆ, ಒಮ್ಮೆ ಮೊಬೈಲಿನಲ್ಲಿ ನಡೆಯುವ ಯೋಗ ತರಗತಿಗೂ ಸೇರಿದ್ದೇನೆ. ಯಾವುದೂ ಮೂರು ವಾರ ದಾಟಲಿಲ್ಲ. ಕುಂದವಾಡ ಕೆರೆಯ ಏರಿಯ ಮೇಲೆ ನಡೆಯಲು ಗೆಳತಿಯರು ಕರೆಯುತ್ತಾರೆ; ಅವರ ವೇಗಕ್ಕೆ ಸರಿಸಮನಾಗಿ ನಡೆಯಲಾಗದೆ ಏದುಸಿರು ಬಿಡುವಾಗ, ಬಾಲ್ಯದಲ್ಲಿ ಓಟದ ಸಾಲಿನಲ್ಲಿ ಕೊನೆಯವಳಾಗಿ ಬಂದಾಗಲೆಲ್ಲ ಕೇಳಿಸುತ್ತಿದ್ದ ನಗು ಮತ್ತೆ ಕಿವಿಗೆ ಬರುತ್ತದೆ. ಸಂಜೆ ಶಾಲೆಯಿಂದ ಬಂದ ಮೇಲೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ದಿನ ಮುಗಿಯದ ಊರು ನಮ್ಮದು ಎಂಬುದೂ ನಿಮಗೆ ಗೊತ್ತು.

ನನ್ನ ಪ್ರಶ್ನೆ ಎರಡು. ವ್ಯಾಯಾಮವನ್ನು ಇಷ್ಟಪಡದ ವ್ಯಕ್ತಿ ನಿಜವಾಗಿಯೂ ತೂಕ ಇಳಿಸಲು ಸಾಧ್ಯವೇ? ಸಾಧ್ಯವಾದರೆ, ಆ ಮನಸ್ಸು ಎಲ್ಲಿಂದ ಬರುತ್ತದೆ? "ಮನಸ್ಸು ಮಾಡಿದರೆ ಎಲ್ಲವೂ ಆಗುತ್ತದೆ" ಎಂಬ ಮಾತನ್ನು ಸಾಕಷ್ಟು ಕೇಳಿದ್ದೇನೆ. ದಯವಿಟ್ಟು ಅದನ್ನು ಬಿಟ್ಟು ಬೇರೇನಾದರೂ ಹೇಳಿ.

ಉತ್ತರ: ಆಹಾರತಜ್ಞೆ, ಮೈಸೂರು

ನಿಮ್ಮ ಮೊದಲ ಪ್ರಶ್ನೆಗೆ ಸಾಧ್ಯವೆಂಬುದೇ ನನ್ನ ಉತ್ತರ. ತೂಕ ಇಳಿಸುವುದು ಮತ್ತು ವ್ಯಾಯಾಮ ಮಾಡುವುದು ಎಂಬ ಎರಡು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದೇವೆ; ಹಾಗಾಗಿ ವ್ಯಾಯಾಮದ ಮೇಲಿನ ಬೇಸರವೆಲ್ಲ ತೂಕ ಇಳಿಸುವ ಕೆಲಸದ ಮೇಲೂ ಬೀಳುತ್ತಿದೆ. ಆ ಗಂಟನ್ನು ಮೊದಲು ಬಿಚ್ಚಿ. ತೂಕದ ಲೆಕ್ಕ ಬಹುಪಾಲು ನಡೆಯುವುದು ಅಡುಗೆಮನೆಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಇದನ್ನು ಕಾಗದದ ಮೇಲೆ ಮಾಡಿ ತೋರಿಸಿದಾಗ ನನ್ನ ಬಳಿ ಬರುವವರ ಮುಖ ಬದಲಾಗುವುದನ್ನು ಅನೇಕ ಸಲ ನೋಡಿದ್ದೇನೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಅಡುಗೆ ಎಣ್ಣೆ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಅದು ಮೂರು ಲೀಟರಿಗೆ ಇಳಿದರೆ ಉಳಿಯುವ ಎರಡು ಲೀಟರ್ ಎಣ್ಣೆಯ ತೂಕ ಸುಮಾರು 1,820 ಗ್ರಾಂ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿಯಂತೆ ಲೆಕ್ಕ ಹಾಕಿ, ನಾಲ್ಕು ಜನರಿಗೆ ಮೂವತ್ತು ದಿನಗಳಿಗೆ ಹಂಚಿದರೆ, ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 136 ಕ್ಯಾಲೊರಿ ಬರುತ್ತದೆ. 78 ಕಿಲೋ ತೂಕದವರು ಸಾಧಾರಣ ವೇಗದಲ್ಲಿ ಅರ್ಧ ಗಂಟೆ ನಡೆದರೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಗ್ಗರಣೆಯ ಸೌಟನ್ನು ಬಿಟ್ಟು ಚಮಚದಲ್ಲಿ ಎಣ್ಣೆ ಅಳೆಯಲು ಶುರುಮಾಡಿದರೆ, ತೂಕದ ಲೆಕ್ಕದ ಮಟ್ಟಿಗೆ ನಿಮ್ಮ ಮನೆಯ ನಾಲ್ವರೂ ದಿನವೂ ಅರ್ಧ ಗಂಟೆ ನಡೆದ ಹಾಗೆ.

ಸ್ಟಾಫ್ ರೂಮಿನ ಚಹಾವನ್ನೂ ಹೀಗೇ ನೋಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಮೂವತ್ತರಿಂದ ನಲವತ್ತು ಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಇನ್ನೂ ಒಳ್ಳೆಯದು ಎಂದು 2015ರಲ್ಲಿಯೇ ಹೇಳಿದೆ. ಚಹಾ ಬಿಡಬೇಕಾಗಿಲ್ಲ. ಮೊದಲ ಎರಡು ವಾರ ಎರಡು ಚಮಚವನ್ನು ಒಂದೂವರೆಗೆ, ಮುಂದಿನ ಎರಡು ವಾರ ಒಂದಕ್ಕೆ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ.

ಮಂಡಕ್ಕಿ ಮೆಣಸಿನಕಾಯಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದವರ ಮಾತನ್ನು ನೀವು ಎರಡು ವಾರವೂ ಕೇಳುವುದಿಲ್ಲ. ಸಂಜೆ ಆ ಹಸಿವು ಏಕೆ ಅಷ್ಟು ಜೋರಾಗಿರುತ್ತದೆ ಎಂಬುದನ್ನು ನೋಡಿ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಅವಲಕ್ಕಿ, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ ಎಂದಾದರೆ ಬೇಳೆಕಾಳು ಹೊಟ್ಟೆಗೆ ಸೇರಿದ್ದೇ ಇಲ್ಲ ಎಂದರ್ಥ. ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನವನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧಕ್ಕೆ ಹೆಸರುಬೇಳೆ ಕೋಸಂಬರಿ, ಮಡಕೆಕಾಳಿನ ಉಸಳಿ ಅಥವಾ ಮೊಟ್ಟೆ ಇಡಿ, ಜೊತೆಗೆ ಮಜ್ಜಿಗೆ ಇರಲಿ. ಪ್ರೋಟೀನು ಮತ್ತು ನಾರಿನ ಅಂಶ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಆಗ ಸಂಜೆಯ ಮಂಡಕ್ಕಿ ವಾರಕ್ಕೆ ಎರಡು ದಿನಕ್ಕೆ ತಾನಾಗಿ ಇಳಿಯುತ್ತದೆ, ಮೆಣಸಿನಕಾಯಿ ಬಜ್ಜಿ ಮೂರರಿಂದ ಒಂದಕ್ಕೆ ಇಳಿಯುತ್ತದೆ.

ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲವಾದರೆ ಅದನ್ನೂ ಒಮ್ಮೆ ಮಾಡಿಸಿ. ದೇಹದ ಆಲಸ್ಯಕ್ಕೆ ಕೆಲವೊಮ್ಮೆ ಅಲ್ಲಿ ಕಾರಣವಿರುತ್ತದೆ, ನಾವು ಮಾತ್ರ ಸ್ವಭಾವವನ್ನು ದೂರುತ್ತಿರುತ್ತೇವೆ.

ಉತ್ತರ: ಬ್ಯಾಂಕ್ ಉದ್ಯೋಗಿ, ಉಡುಪಿ

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕಿವಿಗೆ ಬರುವ ಆ ನಗುವಿನ ಸಾಲು. ನಾನೂ ಆ ನಗುವನ್ನು ಕೇಳುತ್ತಲೇ ಬೆಳೆದವನು. ಬಹಳ ವರ್ಷ ನನಗೆ ವ್ಯಾಯಾಮ ಇಷ್ಟವಿಲ್ಲವೆಂದೇ ನಂಬಿಕೊಂಡಿದ್ದೆ. ಆದರೆ ನಾನು ದ್ವೇಷಿಸುತ್ತಿದ್ದುದು ಬೆವರನ್ನಾಗಲಿ ಆಯಾಸವನ್ನಾಗಲಿ ಅಲ್ಲ, ಇನ್ನೊಬ್ಬರೊಂದಿಗೆ ಹೋಲಿಕೆಗೆ ನಿಲ್ಲುವುದನ್ನು. ಈ ವ್ಯತ್ಯಾಸ ಅರಿವಾಗಲು ನನಗೆ 44 ವರ್ಷ ಬೇಕಾಯಿತು.

ಆ ವರ್ಷ ಮಗಳನ್ನು ಯಕ್ಷಗಾನ ತರಗತಿಗೆ ಬಿಡಲು ಹೋಗುತ್ತಿದ್ದೆ. ಹೊರಗೆ ಸ್ಕೂಟರಿನ ಮೇಲೆ ಕುಳಿತು ಕಾಯುವ ಬದಲು ಒಳಗೆ ಬನ್ನಿ ಎಂದು ಗುರುಗಳು ಕರೆದರು. ಏಕತಾಳದ ಹೆಜ್ಜೆ, ಆಮೇಲೆ ತ್ರಿವುಡೆ. ಹತ್ತು ನಿಮಿಷದಲ್ಲಿ ಅಂಗಿ ಒದ್ದೆಯಾಗಿತ್ತು, ಆದರೂ ಗಡಿಯಾರ ನೋಡಬೇಕೆನಿಸಲಿಲ್ಲ. ತಾಳ ತಪ್ಪಬಾರದು ಎಂಬುದರ ಮೇಲೆಯೇ ಗಮನವಿದ್ದುದರಿಂದ ಹೊಟ್ಟೆ ಹೇಗೆ ಕಾಣುತ್ತಿದೆ ಎಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ. ಹಾರಿ ಗಿರ್ರನೆ ಸುತ್ತುವ ಧೀಂಗಿಣ ಮತ್ತು ಮಂಡಿ ಹಾಕುವುದನ್ನು ಮೊಣಕಾಲಿನ ದೃಷ್ಟಿಯಿಂದ ಗುರುಗಳೇ ಬೇಡವೆಂದರು, ಉಳಿದದ್ದನ್ನೆಲ್ಲ ಕಲಿತೆ. ಮೂರು ವರ್ಷವಾಯಿತು, ವಾರಕ್ಕೆ ಎರಡು ದಿನ ತಪ್ಪಿಸಿಲ್ಲ. ಜಿಮ್‌ನಲ್ಲಿ ಮೂರು ವಾರ ಉಳಿಯದವನು ನಾನು!

ಶಾಲೆಯಲ್ಲಿ ಪ್ರತಿಭಾ ಕಾರಂಜಿಗಾಗಿ ಮಕ್ಕಳಿಗೆ ಜನಪದ ನೃತ್ಯ ಕಲಿಸುವಾಗ ನೀವು ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವ ಬದಲು ಸಾಲಿನೊಳಗೆ ನಿಂತರೆ ಏನಾಗುತ್ತದೆ ಎಂದು ಒಮ್ಮೆ ನೋಡಬಾರದೇಕೆ? ಕೋಲಾಟದಲ್ಲಿ ಕೊನೆಯವರೆಂದು ಯಾರೂ ಇರುವುದಿಲ್ಲ, ಅದು ಸುತ್ತು. ಗೆಳತಿಯರೊಂದಿಗೆ ಕೆರೆ ಏರಿಗೆ ಹೋಗಲೇಬೇಕೆಂದೂ ಇಲ್ಲ. ನಿಮ್ಮ ವೇಗದಲ್ಲಿ, ನಿಮಗೆ ಇಷ್ಟವಾದ ಹೊತ್ತಿನಲ್ಲಿ ಒಬ್ಬರೇ ಹೋಗಿ. ಇಲ್ಲವೇ ನಿಮಗಿಂತ ನಿಧಾನವಾಗಿ ನಡೆಯುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಉತ್ತರ: ವೈದ್ಯ, ಹುಬ್ಬಳ್ಳಿ

ಮೈಸೂರಿನವರ ಎಣ್ಣೆಯ ಲೆಕ್ಕ ಸರಿಯಾಗಿದೆ, ಅದನ್ನು ನನ್ನ ರೋಗಿಗಳಿಗೂ ಹೇಳಲಿದ್ದೇನೆ. ಆದರೆ ಅಡುಗೆಮನೆಯಷ್ಟೇ ಸಾಕು ಎಂಬ ಅರ್ಥ ಯಾರೂ ತೆಗೆದುಕೊಳ್ಳದಿರಲಿ ಎಂದು ಒಂದೆರಡು ಮಾತು ಸೇರಿಸುತ್ತೇನೆ.

ನಿಮ್ಮ ಮುಖ್ಯ ಸಮಸ್ಯೆ 78 ಎಂಬ ಸಂಖ್ಯೆಯಲ್ಲ, 6.1 ಎಂಬ ಸಂಖ್ಯೆ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕವನ್ನು ಶೇಕಡಾ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಪಡೆದ ಗುಂಪಿನಲ್ಲಿ ಕಾಯಿಲೆಗೆ ಜಾರುವ ಸಾಧ್ಯತೆ ಶೇಕಡಾ 58ರಷ್ಟು ಕಡಿಮೆಯಾಯಿತು. ಸಕ್ಕರೆ ಕಾಯಿಲೆಯ ಮಾತ್ರೆ ಪಡೆದವರಲ್ಲಿ ಆ ಇಳಿಕೆ ಶೇಕಡಾ 31. ನಿಮ್ಮ ಲೆಕ್ಕದಲ್ಲಿ ಶೇಕಡಾ 7 ಎಂದರೆ ಐದೂವರೆ ಕಿಲೋ. ನಿಮ್ಮ ವೈದ್ಯರು ಹೇಳಿದ ಐದಾರು ಕಿಲೋಗೂ ಇದಕ್ಕೂ ತಾಳೆಯಾಗುತ್ತದೆ. ಆದರೆ ನನಗೆ ಹೆಚ್ಚು ಹತ್ತಿರವಾದದ್ದು ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ಆಹಾರ ಮತ್ತು ನಡಿಗೆಯನ್ನು ಸರಿಪಡಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಆದರೂ ಅಪಾಯ ಶೇಕಡಾ 28.5ರಷ್ಟು ತಗ್ಗಿತು. ಮೂರನೆಯ ವಾರ ತೂಕದ ಯಂತ್ರದ ಮುಳ್ಳು ಕದಲದಿದ್ದಾಗ ನೀವು ಎಲ್ಲವನ್ನೂ ಕೈಬಿಟ್ಟಿದ್ದೀರಿ ಎಂದು ಊಹಿಸುತ್ತೇನೆ. ಆ ಮುಳ್ಳಿಗೆ ಕಾಣಿಸದ ಕೆಲಸವೊಂದು ಒಳಗೆ ನಡೆಯುತ್ತಿರುತ್ತದೆ ಎಂಬುದನ್ನು ದಯವಿಟ್ಟು ನಂಬಿ. ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ನೆರವು ಇಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮನೆಯಂಗಳದಲ್ಲೋ ಮಹಡಿಯ ಮೇಲೋ ಓಡಾಡಿದರೆ ಈ ಲಾಭ ಸಿಗುತ್ತದೆ. ಶತಪಾವಲಿ ಎಂದು ನಮ್ಮ ಕಡೆ ಹಿರಿಯರು ಮಾಡುತ್ತಿದ್ದುದು ಇದನ್ನೇ. ಅದನ್ನು ಅವರಾರೂ ವ್ಯಾಯಾಮವೆಂದು ಕರೆಯುತ್ತಿರಲಿಲ್ಲ.

ಹತ್ತು ಸಾವಿರ ಹೆಜ್ಜೆಯ ಭಾರವನ್ನೂ ತಲೆಯಿಂದ ಇಳಿಸಿ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ, ವೈದ್ಯಕೀಯ ಸಂಶೋಧನೆಯಿಂದಲ್ಲ. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ತರಗತಿಯಿಂದ ತರಗತಿಗೆ ಚುರುಕಾಗಿ ನಡೆಯುವುದು, ಮೆಟ್ಟಿಲು ಹತ್ತುವುದು, ಎಲ್ಲವೂ ಎಣಿಕೆಗೆ ಬರುತ್ತವೆ.

ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದನ್ನು ಮಾತ್ರ ದಿನವೂ ಮಾಡಿ. ಊಟ ಕಡಿಮೆ ಮಾಡಿ ತೂಕ ಇಳಿಸುವವರಲ್ಲಿ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ, ಅದನ್ನು ಉಳಿಸಿಕೊಳ್ಳಬೇಕು. 2025ರಲ್ಲಿ ನಮ್ಮ ದೇಶಕ್ಕೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಅವು ಕೆಲವರಿಗೆ ಬೇಕಾಗುತ್ತವೆ, ವೈದ್ಯರ ನಿಗಾ ಇಲ್ಲದೆ ಯಾರಿಗೂ ಬೇಡ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮನೆಯ ಎಣ್ಣೆಯ ಲೆಕ್ಕವನ್ನು ಹಳೆಯ ದಿನಸಿ ಚೀಟಿಗಳಿಂದ ತೆಗೆದೆ. ನಾವು ಐವರು, ತಿಂಗಳಿಗೆ ಏಳು ಲೀಟರ್ ತರುತ್ತಿದ್ದೇವೆ. ನನಗೇ ನಂಬಲಾಗಲಿಲ್ಲ. ಎಣ್ಣೆಯ ಪಾತ್ರೆಯಲ್ಲಿ ಸೌಟಿನ ಬದಲು ಚಮಚ ಇಟ್ಟಿದ್ದೇನೆ. ಉಡುಪಿಯವರ ಮಾತನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನಗೂ ಬೇಡವಾಗಿದ್ದುದು ನಡಿಗೆಯಲ್ಲ, ಹಿಂದೆ ಬೀಳುವುದು ಎಂಬುದು ಈಗ ಸ್ಪಷ್ಟವಾಗಿದೆ. ನಿನ್ನೆ ರಾತ್ರಿ ಊಟವಾದ ಮೇಲೆ ಅತ್ತೆಯವರೊಂದಿಗೆ ಮಹಡಿಯ ಮೇಲೆ ನಡೆದೆ. ಅವರದು ನಿಧಾನದ ಹೆಜ್ಜೆ. ಅವರ ತವರಿನ ಕಥೆಗಳು ಮುಗಿಯುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು.

ಒಂದೇ ಅನುಮಾನ ಉಳಿದಿದೆ. ತೂಕದ ಯಂತ್ರವನ್ನು ನಂಬಬಾರದೆಂದರೆ ಸರಿಯಾದ ದಾರಿಯಲ್ಲಿದ್ದೇನೆಂದು ತಿಳಿಯುವುದು ಹೇಗೆ?

ಉತ್ತರ: ವೈದ್ಯ, ಹುಬ್ಬಳ್ಳಿ

ಹೊಲಿಗೆಯ ಟೇಪು ತೆಗೆದುಕೊಂಡು, ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಸುತ್ತಳತೆ ನೋಡಿ ಬರೆದಿಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಎಂಬುದು ಅಳತೆಗೋಲು. ತಿಂಗಳಿಗೊಮ್ಮೆ ಅಳೆದರೆ ಸಾಕು. ಒಂದೆರಡು ಸೆಂಟಿಮೀಟರ್ ಇಳಿದರೂ ಅದು ಒಳ್ಳೆಯ ಸುದ್ದಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಮೂರು ತಿಂಗಳಿಗೆ ಮುಂಚೆ ಮತ್ತೆ ಪರೀಕ್ಷೆ ಮಾಡಿಸಬೇಡಿ. ಆ ವರದಿ ಬಂದ ದಿನ, ಸಾಧ್ಯವಾದರೆ, ಇಲ್ಲಿ ಬರೆಯಿರಿ.