ಪದಚರ್ಚೆ: ಸರ್ವರ್ ಡಯಾಗ್ನಾಸ್ಟಿಕ್ಸ್‌ಗೆ ‘ನಿದಾನ’ವೋ ‘ತಪಾಸಣೆ’ಯೋ?

ಬಾಗಲಕೋಟೆಯಿಂದ ಪ್ರಶ್ನೆ

ಎಲ್ಲರಿಗೂ ಶರಣು. ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಸರ್ವರ್ ಕೋಣೆಗೆ ಹಚ್ಚಲು ಒಂದು ಹಾಳೆಯ ಸೂಚನೆ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಹಂಗಾಮಿನಲ್ಲಿ ಸರ್ವರ್ ನಿಂತರೆ ಕಬ್ಬು ತೂಗುವ ಕಾಟಾ ನಿಲ್ಲುತ್ತದೆ, ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬರುತ್ತದೆ. ಆಗ ಹಾರ್ಡ್‌ವೇರ್ ಡಯಾಗ್ನಾಸ್ಟಿಕ್ಸ್ (ಯಂತ್ರದ ಯಾವ ಭಾಗ ಕೆಟ್ಟಿದೆ ಎಂದು ನೋಡುವುದು) ಮಾಡುವ ಕ್ರಮವನ್ನು ರಾತ್ರಿ ಪಾಳಿಯವರು ಗೋಡೆ ನೋಡಿಯೇ ತಿಳಿಯಬೇಕು. ಕರಡಿನಲ್ಲಿ ಆ ಪದಕ್ಕೆ ಒಂದು ಕಡೆ ‘ರೋಗನಿರ್ಣಯ’, ಇನ್ನೊಂದು ಕಡೆ ‘ನಿದಾನ’, ಮತ್ತೊಂದು ಕಡೆ ‘ದೋಷಪತ್ತೆ’ ಬಂದಿದೆ. ಯಂತ್ರಕ್ಕೆ ರೋಗ ಅನ್ನುವುದು ಸರಿಯೇ? ‘ಪ್ರಿಡಿಕ್ಟಿವ್ ಫೇಲ್ಯೂರ್’ಗೆ ‘ಭವಿಷ್ಯಸೂಚಕ ವೈಫಲ್ಯ’ ಎಂದಿದೆ, ಓದಿದವರಿಗೆ ಏನೂ ಹೊಳೆಯುವುದಿಲ್ಲ. ಬಲ್ಲವರು ತಿಳಿಸಿರಿ.

ವಿಜಯಪುರದಿಂದ ಉತ್ತರ

ಯಂತ್ರಕ್ಕೆ ರೋಗ ಅನ್ನಬಾರದೆಂದೇನಿಲ್ಲ. ಬೆಳೆಗೆ ರೋಗ ಅನ್ನುತ್ತೇವಲ್ಲ. ತೊಡಕು ಇರುವುದು ‘ನಿರ್ಣಯ’ದಲ್ಲಿ. ಡಯಾಗ್ನಾಸ್ಟಿಕ್ಸ್ ಪ್ರೋಗ್ರಾಂ ಏನನ್ನೂ ನಿರ್ಣಯಿಸುವುದಿಲ್ಲ. ಒಂದೊಂದೇ ಭಾಗಕ್ಕೆ ಕೆಲಸ ಕೊಟ್ಟು, ಉತ್ತರ ಸರಿ ಬಂತೋ ಇಲ್ಲವೋ ಬರೆದಿಡುತ್ತದೆ. ನಿರ್ಣಯ ಮನುಷ್ಯನದು. ಆದ್ದರಿಂದ ಪರದೆಯ ‘ರನ್ ಡಯಾಗ್ನಾಸ್ಟಿಕ್ಸ್’ಗೆ ‘ತಪಾಸಣೆ ನಡೆಸಿ’ ಸಾಕು, ‘ಓಡಿಸಿ’ ಬೇಡ. ಬಸ್ಸಿನ ಟಿಕೆಟ್‌ನಿಂದ ಹಿಡಿದು ಕಣ್ಣಿನ ಶಿಬಿರದವರೆಗೆ ‘ತಪಾಸಣೆ’ ಎಲ್ಲರ ಬಾಯಲ್ಲಿದೆ. ಗಡಿಯಾಚೆ ಮರಾಠಿಯಲ್ಲೂ ‘ತಪಾಸಣಿ’ ಉಂಟು.

‘ನಿದಾನ’ ಒಳ್ಳೆಯ ಪದ, ಆದರೆ ಗೋಡೆಗೆ ತಕ್ಕದ್ದಲ್ಲ. ದಕಾರಕ್ಕೂ ಧಕಾರಕ್ಕೂ ಮಾತಿನಲ್ಲಿ ಅಂತರ ಉಳಿದಿಲ್ಲ. ನಮ್ಮ ಕಡೆ ‘ಸಾವಕಾಶ’, ‘ಹಳೂಕ’ ಅನ್ನುವ ರೂಢಿ ಇದ್ದರೂ ‘ನಿಧಾನ’ವೂ ಎಲ್ಲರಿಗೂ ಗೊತ್ತು. ಫೋನಿನಲ್ಲಿ ‘ಮೊದಲು ನಿದಾನ ಮಾಡ್ರಿ’ ಅಂದರೆ ಆ ಕಡೆಯವರು ಅವಸರ ಬೇಡ ಅಂತ ಕೂತುಬಿಟ್ಟಾರು. ಬೇಸಿಗೆಯಲ್ಲಿ ಇದು ಇನ್ನೂ ಗೋಜಲು. ಬಗ್ಯಾಸಿನ (ಕಬ್ಬಿನ ಸಿಪ್ಪೆಯ) ದೂಳು, ಪ್ರೊಸೆಸರಿನ ಕಾವು ಹೊರಹಾಕುವ ಹೀಟ್‌ಸಿಂಕಿನ ಸಂದುಗಳಲ್ಲಿ ಕಟ್ಟಿಕೊಂಡರೆ ಪ್ರೊಸೆಸರ್ ಕಾಯ್ದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ‘ನಿಧಾನ’ ಲಕ್ಷಣ, ‘ನಿದಾನ’ ದೂಳು.

ಆಯುರ್ವೇದದ ಪಂಚನಿದಾನ ಮಾತ್ರ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಅಲ್ಲಿ ನಿದಾನವೆಂದರೆ ರೋಗದ ಕಾರಣ. ರೋಗ ಕಾಣಿಸಿಕೊಳ್ಳುವ ಮುಂಚಿನ ಕುರುಹು ಪೂರ್ವರೂಪ, ಕಾಣಿಸಿದ ಮೇಲಿನದು ರೂಪ. ನಿಮ್ಮ ‘ಪ್ರಿಡಿಕ್ಟಿವ್ ಫೇಲ್ಯೂರ್’ ಅಂದರೆ ಪೂರ್ವರೂಪವೇ. ಡಿಸ್ಕ್ ಇನ್ನೂ ಓದುತ್ತ ಬರೆಯುತ್ತ ಇದೆ, ಕೆಡುವ ಕುರುಹು ತೋರಿಸಿದೆ. ಹಾಳೆಯಲ್ಲಿ ‘ಕೆಡುವ ಮುನ್ಸೂಚನೆ’ ಎಂದು ಬರೆಯಿರಿ, ‘ಫೇಲ್ಡ್’ಗೆ ‘ಕೆಟ್ಟಿದೆ’ ಎಂದು. ಎರಡಕ್ಕೂ ‘ವೈಫಲ್ಯ’ ಹಾಕಿದರೆ ದತ್ತಾಂಶವೇ ಹೋದೀತು. ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ, ಎರಡು ಹೋದರೆ ಇಲ್ಲ. ಒಂದು ಕೆಟ್ಟು, ಇನ್ನೊಂದು ಮುನ್ಸೂಚನೆ ಕೊಡುತ್ತಿರುವಾಗ ಎರಡನ್ನೂ ‘ವಿಫಲ’ ಎಂದು ಓದಿ ಎರಡನ್ನೂ ಎಳೆದರೆ ಮುಗಿಯಿತು. ಕೆಟ್ಟದ್ದನ್ನು ಮೊದಲು ಬದಲಿಸಿ, ಮರುಜೋಡಣೆ (ಹೊಸ ಡಿಸ್ಕಿಗೆ ದತ್ತಾಂಶ ಮತ್ತೆ ತುಂಬುವ ‘ರೀಬಿಲ್ಡ್’) ಪೂರ್ತಿ ಆಗುವವರೆಗೆ ಕಾಯ್ದು, ಆಮೇಲೆ ಎರಡನೆಯದಕ್ಕೆ ಕೈ ಹಾಕಬೇಕು. ಬ್ಯಾಕಪ್ ಇದಕ್ಕೂ ಮುಂಚೆ.

ಸರ್ವರ್ ಡೆಲ್ ಕಂಪನಿಯ ಪವರ್‌ಎಡ್ಜ್ ಆದರೆ ಡಿಸ್ಕಿನ ದೀಪದ ಭಾಷೆಯನ್ನೂ ಹಾಳೆಗೆ ಸೇರಿಸಿ. ಹಸಿರು, ಕಡುಹಳದಿ ಹೊಳೆದು ಆರಿದರೆ ಮುನ್ಸೂಚನೆ. ಸೆಕೆಂಡಿಗೆ 4 ಸಲ ಕಡುಹಳದಿ ಮಿಟುಕಿದರೆ ಕೆಟ್ಟಿದೆ. ಹಸಿರು ಸಾವಕಾಶ ಮಿಟುಕಿದರೆ ಮರುಜೋಡಣೆ ನಡೆದಿದೆ, ಆಗ ಮುಟ್ಟಬಾರದು. ಈ ಕಡುಹಳದಿಯೇ ಇಂಗ್ಲಿಷಿನ ‘ಅಂಬರ್’, ಅದನ್ನು ‘ಕೆಂಪು’ ಎಂದು ಬರೆಯಬೇಡಿ. ಪಾಳಿಯವರು ಇಲ್ಲದ ಕೆಂಪು ದೀಪವನ್ನು ಹುಡುಕುತ್ತಾರೆ.

ಉಪಶಯ ಇನ್ನೂ ಸೊಗಸು. ಲಕ್ಷಣ ಸ್ಪಷ್ಟವಿಲ್ಲದಾಗ ಔಷಧ, ಪಥ್ಯ ಕೊಟ್ಟು, ಹಿಡಿಸಿತೋ ಇಲ್ಲವೋ ನೋಡಿ ರೋಗ ತಿಳಿಯುವ ರೀತಿ ಅದು. ಸರ್ವರ್‌ನಲ್ಲಿ ಇದನ್ನೇ ‘ಸ್ವಾಪ್ ಟೆಸ್ಟ್’ ಅನ್ನುತ್ತಾರೆ. ಹಾಳೆಗೆ ‘ಅದಲುಬದಲು ಪರೀಕ್ಷೆ’ ಚೆನ್ನಾಗಿ ಹೊಂದುತ್ತದೆ. ಮೆಮೊರಿಯ ತಪ್ಪು ಎ1 ಸ್ಲಾಟ್ ಎಂದು ಬಂದರೆ, ಎರಡೂ ಪವರ್ ಕಾರ್ಡ್ ತೆಗೆದು, ಎ1ರ ಮೆಮೊರಿ ಪಟ್ಟಿಯನ್ನು (‘ಡಿಮ್’) ಅದೇ ಬಗೆಯ ಬಿ1ರ ಪಟ್ಟಿಯ ಜೊತೆ ಅದಲುಬದಲು ಮಾಡಿ ಮತ್ತೆ ತಪಾಸಣೆ ನಡೆಸುವುದು. ತಪ್ಪು ಬಿ1ಕ್ಕೆ ಹೋದರೆ ಪಟ್ಟಿ ಕೆಟ್ಟಿದೆ. ಎ1ರಲ್ಲೇ ಉಳಿದರೆ ದೋಷ ಸ್ಲಾಟ್, ಬೋರ್ಡ್ ಅಥವಾ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್ ಕಡೆಯದು. ಎರಡೂ ಕಡೆ ಮಾಯವಾದರೆ ಪಟ್ಟಿ ಸರಿಯಾಗಿ ಕೂತಿರಲಿಲ್ಲ, ಇಲ್ಲವೇ ಸಂಪರ್ಕದ ತುದಿಯಲ್ಲಿ ದೂಳಿತ್ತು.

ಹಾಳೆಯ ಮೊದಲ ಸಾಲು ತಪಾಸಣೆಯದಾಗಬಾರದು. ಮೊದಲು ಸರ್ವರ್ ತಾನೇ ಬರೆದಿಡುವ ಲಾಗ್ ನೋಡಿ ನಕಲು ತೆಗೆದಿಡಬೇಕು, ಅಲ್ಲಿಯವರೆಗೆ ಅಳಿಸಕೂಡದು. ‘ಸಿಸ್ಟಂ ಇವೆಂಟ್ ಲಾಗ್’ಗೆ ‘ಘಟನಾವಳಿ’ ಆಗಬಹುದು, ‘ದಿನಚರಿ’ ಬೇಡ. ಬೋರ್ಡ್ ಮೇಲಿನ 3 ವೋಲ್ಟಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಘಟನಾವಳಿಯ ತಾರೀಖು ತಪ್ಪಿರಬಹುದು, ಅದನ್ನೂ ನೋಡಿಕೊಳ್ಳಿ. ಆಮೇಲೆ ಸರ್ವರ್ ಮರುಚಾಲೂ ಮಾಡಿ, ಎಫ್10 ಒತ್ತಿ, ಡೆಲ್ ಸರ್ವರ್‌ನಲ್ಲೇ ಇರುವ ಲೈಫ್‌ಸೈಕಲ್ ಕಂಟ್ರೋಲರ್ ಎಂಬ ಪ್ರೋಗ್ರಾಂ ಒಳಗೆ ಹಾರ್ಡ್‌ವೇರ್ ಡಯಾಗ್ನಾಸ್ಟಿಕ್ಸ್. ಇದು ಮುಗಿಯುವವರೆಗೆ ಕಾಟಾ ಬಂದ್. ಮೆಮೊರಿಯ ದೀರ್ಘ ಪರೀಕ್ಷೆ ತಾಸುಗಟ್ಟಲೆ ಹಿಡಿಯುವುದರಿಂದ ಗಾಡಿಗಳು ಇಲ್ಲದ ಹೊತ್ತು ನೋಡಿ ಇಟ್ಟುಕೊಳ್ಳಿ.

ಬೆಳಗಾವಿಯಿಂದ

ವಿಜಯಪುರದವರ ಮಾತಿಗೆ ಒಪ್ಪಿಗೆ ಇದೆ. ಆದರೆ ‘ದೋಷಪತ್ತೆ’ಯನ್ನು ಪೂರಾ ಬಿಡಬೇಡಿರಿ. ತಪಾಸಣೆ, ಅದಲುಬದಲು ಎರಡೂ ಸೇರಿ ಕಾರಣಕ್ಕೆ ಮುಟ್ಟುವ ಇಡೀ ಕೆಲಸಕ್ಕೆ ಅದೇ ಸರಿಯಾದ ಹೆಸರು. ಹಾಳೆಯ ತಲೆಬರಹಕ್ಕೆ ಅದನ್ನೇ ಇಡಿರಿ.

ಇನ್ನೊಂದು ಕಡೆ ಕರಡು ಎಡವಬಹುದು. ‘ಫಾಲ್ಟ್’, ‘ಎರರ್’, ‘ಫೇಲ್ಯೂರ್’ ಮೂರೂ ಬೇರೆ. ಮೆಮೊರಿಯ ಒಂದು ಕೋಶ ಹಾಳಾಗಿರುವುದು ದೋಷ. ಅದರಿಂದ ಒಂದು ಬಿಟ್ ತಿರುಗುಮುರುಗಾಗುವುದು ತಪ್ಪು. ಆ ತಪ್ಪಿನಿಂದ ಸರ್ವರ್ ನಿಂತುಬಿಟ್ಟರೆ ಅದು ವೈಫಲ್ಯ, ನಮ್ಮ ಮಾತಿನಲ್ಲಿ ‘ಬಂದ್ ಬಿತ್ತು’. ಸರ್ವರ್‌ಗಳಲ್ಲಿರುವ ಇಸಿಸಿ (ತಪ್ಪು ತಿದ್ದುವ) ಮೆಮೊರಿ ಸಾಮಾನ್ಯವಾಗಿ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದುತ್ತದೆ, ಎರಡು ಬಿಟ್ ತಪ್ಪಿದರೆ ಗುರುತಿಸುತ್ತದೆ, ತಿದ್ದಲಾರದು. ಆದ್ದರಿಂದ ‘ಕರೆಕ್ಟಬಲ್ ಎರರ್’ಗೆ ‘ತಿದ್ದಿಕೊಂಡ ತಪ್ಪು’ ಅನ್ನಿರಿ. ಒಂದೆರಡು ಸಲ ಬಂದರೆ ಬರೆದಿಡುವುದು, ಅದೇ ಸ್ಲಾಟಿನಲ್ಲಿ ಮೇಲಿಂದ ಮೇಲೆ ಬಂದರೆ ಪಟ್ಟಿ ಬದಲಿಸುವುದು. ಇದನ್ನೇ ‘ಸರಿಪಡಿಸಬಹುದಾದ ದೋಷ’ ಎಂದು ಬರೆದರೆ ಓದುವವರು ಸ್ಕ್ರೂಡ್ರೈವರ್ ಹುಡುಕುತ್ತಾರೆ.

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಸಂಖ್ಯೆ ಹಾಕಿದ ಸಾಲುಗಳಲ್ಲಿ ಬರೆದಿಡುವ ‘ಸ್ಮಾರ್ಟ್’ ಯಾದಿಯಲ್ಲೂ ಹಾಗೇ. ಸಾಟಾ (ಒಂದು ಬಗೆಯ ಜೋಡಣೆಯ) ಡಿಸ್ಕುಗಳಲ್ಲಿ 5, 197, 198ನೇ ಸಾಲುಗಳ ಎಣಿಕೆ ಏರುತ್ತಿದ್ದರೆ ಡಿಸ್ಕಿನ ಮೈಯೇ ಹದಗೆಡುತ್ತಿದೆ. 199 ಏರಿದರೆ ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರಿನ ತಕರಾರು, ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ. ನಾಲ್ಕಕ್ಕೂ ‘ಡಿಸ್ಕ್ ದೋಷ’ ಎಂದು ಬರೆದರೆ ಒಳ್ಳೆಯ ಡಿಸ್ಕ್ ಕಸಕ್ಕೆ ಹೋಗುತ್ತದೆ.

ಕೊನೆಗೆ ‘ಪಾಸ್ಡ್’. ಇದಕ್ಕೆ ‘ದೋಷವಿಲ್ಲ’ ಎಂದು ಬರೆಯಲೇಬೇಡಿರಿ. ಕೋಣೆ ತಂಪಾಗಿದ್ದಾಗ ಅರ್ಧ ತಾಸು ನಡೆಸಿದ ತಪಾಸಣೆಗೆ, ಮಧ್ಯಾಹ್ನದ ಕಾವಿನಲ್ಲಿ ಪೂರ್ತಿ ಕೆಲಸವಿದ್ದಾಗ ಮಾತ್ರ ತಲೆ ಎತ್ತುವ ದೋಷ ಸಿಗದೇ ಹೋಗಬಹುದು. ‘ಈ ತಪಾಸಣೆಯಲ್ಲಿ ದೋಷ ಸಿಗಲಿಲ್ಲ’ ಎಂದು ಇಡಿರಿ, ಅದರ ಕೆಳಗೆ ತಾರೀಖು, ಕೋಣೆಯ ಉಷ್ಣತೆ, ಎಷ್ಟು ತಾಸು ನಡೆಯಿತು ಎಂದು ಬರೆಯಲು ಮೂರು ಖಾಲಿ ಗೆರೆ ಬಿಡಿರಿ.